ಸಂಸಾರದ ಶಕ್ತಿ ಅರಿತ ವಿದ್ಯಾರ್ಥಿ: ಬ್ಯಾರಿಸ್ಟರ್ ಆಗುವ ಮುನ್ನಿನ ಗಾಂಧೀಜಿ

ಮಕ್ಕಳು ಕಾಲೇಜು ಸೇರುವ ಕಾಲ ಬಂದಾಗ ಅನೇಕ ಮನೆಗಳಲ್ಲಿ ಒಂದೇ ಚಿಂತೆ. ಸಾಲ ಮಾಡಿಯಾದರೂ ಹೆಸರುವಾಸಿ ಕಾಲೇಜಿಗೆ ಕಳುಹಿಸಬೇಕೆ, ಸಂಸಾರದ ಶಕ್ತಿಗೆ ತಕ್ಕ ಕಾಲೇಜನ್ನು ಆರಿಸಬೇಕೆ? ಮುಂದೆ ವಕೀಲಿಯಂತಹ ದೀರ್ಘ ವ್ಯಾಸಂಗವಿದ್ದರೆ ಈ ಚಿಂತೆ ಇನ್ನೂ ಭಾರವಾಗುತ್ತದೆ. ಬ್ಯಾರಿಸ್ಟರ್ ಆಗುವ ಮುನ್ನ ಇದೇ ಪ್ರಶ್ನೆಯನ್ನು ಎರಡು ಬಾರಿ ಎದುರಿಸಿದ ಮಹಾತ್ಮ ಗಾಂಧೀಜಿಯವರ ವಿದ್ಯಾರ್ಥಿ ಜೀವನವನ್ನು ನಾವಿಂದು ಸ್ಮರಿಸೋಣ.

ಮೋಹನದಾಸರು ಜನಿಸಿದ್ದು 1869ರ ಅಕ್ಟೋಬರ್ 2ರಂದು, ಪೋರಬಂದರಿನಲ್ಲಿ. ತಂದೆ ಕರಮಚಂದರು ದಿವಾನರಾಗಿದ್ದರೂ ಸಂಪತ್ತನ್ನು ಕೂಡಿಡುವ ಆಸೆ ಇಲ್ಲದವರು. 1885ರಲ್ಲಿ ಅವರು ಲಿಂಗೈಕ್ಯರಾದಂತೆ ಎಂದು ನಮ್ಮ ಜನ ಹೇಳುವ ಹಾಗೆ ಇಹವನ್ನು ತ್ಯಜಿಸಿದಾಗ, ಮಕ್ಕಳಿಗೆ ಉಳಿದ ಆಸ್ತಿ ಅತ್ಯಲ್ಪ. ಸಂಸಾರದ ಭಾರ ಅಣ್ಣ ಲಕ್ಷ್ಮೀದಾಸರ ಹೆಗಲೇರಿತು.

1887ರಲ್ಲಿ ಮೋಹನದಾಸರು ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಹಿರಿಯರ ಇಚ್ಛೆಯಂತೆ ಕಾಲೇಜು ಸೇರಬೇಕಾಗಿತ್ತು. ಮುಂಬಯಿಯಲ್ಲಿಯೂ ಕಾಲೇಜಿತ್ತು, ಭಾವನಗರದಲ್ಲಿಯೂ ಇತ್ತು. ಮಹಾನಗರದ ವಿದ್ಯೆಗೆ ಹಿರಿಮೆ ಹೆಚ್ಚು. ಭಾವನಗರದಲ್ಲಿ ಖರ್ಚು ಕಡಿಮೆ. ಅವರು ಕಡಿಮೆ ಖರ್ಚಿನ ಸಾಮಲದಾಸ ಕಾಲೇಜನ್ನೇ ಆರಿಸಿಕೊಂಡರು.

ಆ ಆಯ್ಕೆ ಕೂಡಲೇ ಫಲ ಕೊಡಲಿಲ್ಲ ಎಂಬುದನ್ನೂ ನಾವು ಮರೆಮಾಚಬಾರದು. ಪಾಠಗಳು ಅವರಿಗೆ ಅರ್ಥವಾಗಲಿಲ್ಲ. ದೋಷ ಅಧ್ಯಾಪಕರದಲ್ಲ, ತನ್ನ ಸಿದ್ಧತೆ ಸಾಲದು ಎಂದು ಅವರೇ ಮುಂದೆ ಒಪ್ಪಿಕೊಂಡಿದ್ದಾರೆ. ಮೊದಲ ಅವಧಿ ಮುಗಿದೊಡನೆ ಮನೆಗೆ ಮರಳಿದರು.

ಆಗ ಕುಟುಂಬದ ಹಿತೈಷಿಗಳಾದ ಮಾವಜಿ ದವೆಯವರು ಬೇರೊಂದು ಲೆಕ್ಕ ಮುಂದಿಟ್ಟರು. ಬಿ.ಎ. ಪದವಿಗೆ ನಾಲ್ಕೈದು ವರ್ಷ ಬೇಕು. ಅದರಿಂದ ದೊರೆಯುವುದು ಹೆಚ್ಚೆಂದರೆ ಅರವತ್ತು ರೂಪಾಯಿ ಸಂಬಳದ ಕೆಲಸ. ಕಾನೂನು ಓದಬೇಕೆಂದರೆ ಇನ್ನಷ್ಟು ವರ್ಷಗಳು. ಇಂಗ್ಲೆಂಡಿನಲ್ಲಿ ಮೂರು ವರ್ಷದಲ್ಲಿ ಬ್ಯಾರಿಸ್ಟರ್ ಆಗಬಹುದು, ನಾಲ್ಕೈದು ಸಾವಿರ ರೂಪಾಯಿ ಸಾಕು. ಆದರೆ ಆ ಹಣವೂ ಮನೆಯಲ್ಲಿರಲಿಲ್ಲ. ಪೋರಬಂದರಿನ ಆಡಳಿತಾಧಿಕಾರಿಯ ಬಳಿ ಕೇಳಿದ ನೆರವು ದೊರೆಯಲಿಲ್ಲ. ಪತ್ನಿ ಕಸ್ತೂರಬಾ ಅವರ ಒಡವೆಗಳನ್ನು ಮಾರುವ ಯೋಚನೆಯೂ ಬಂದಿತು. ಕೊನೆಗೆ ಅಣ್ಣನೇ ಹಣ ಹೊಂದಿಸುವ ಹೊಣೆ ಹೊತ್ತರು. ಮದ್ಯ, ಮಾಂಸ, ಪರಸ್ತ್ರೀಯರಿಂದ ದೂರವಿರುವೆನೆಂದು ತಾಯಿ ಪುತಲೀಬಾಯಿಯವರಿಗೆ ವಚನವಿತ್ತು, ಜಾತಿಯ ಮುಖಂಡರ ಬಹಿಷ್ಕಾರವನ್ನೂ ಸಹಿಸಿ, 1888ರ ಸೆಪ್ಟೆಂಬರ್ 4ರಂದು ಅವರು ಹಡಗು ಹತ್ತಿದರು.

ಲಂಡನ್ನಿನಲ್ಲಿ ಇನ್ನರ್ ಟೆಂಪಲ್ ಸೇರಿದ ಮೇಲೆ ಎರಡನೆಯ ಪ್ರಶ್ನೆ ಎದುರಾಯಿತು. ಬ್ಯಾರಿಸ್ಟರ್ ಪರೀಕ್ಷೆ ಅಷ್ಟು ಕಠಿಣವಾಗಿರಲಿಲ್ಲ, ಬಿಡುವು ಸಾಕಷ್ಟಿತ್ತು. ಅದರ ಜೊತೆಗೆ ಒಂದು ಪದವಿಯನ್ನೂ ಪಡೆಯುವ ಹಂಬಲದಿಂದ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್‌ಗಳ ಬಗ್ಗೆ ವಿಚಾರಿಸಿದರು. ಅಲ್ಲಿ ಓದಲು ಹೆಚ್ಚು ಹಣವೂ ಹೆಚ್ಚು ವರ್ಷಗಳೂ ಬೇಕೆಂದು ತಿಳಿಯಿತು. ಜಗತ್ತೇ ಗೌರವಿಸುವ ಆ ಹೆಸರುಗಳನ್ನು ಬಿಟ್ಟು, ಸ್ನೇಹಿತರೊಬ್ಬರ ಸಲಹೆಯಂತೆ ಲಂಡನ್ ಮೆಟ್ರಿಕ್ಯುಲೇಶನ್ ಪರೀಕ್ಷೆಗೆ ಕುಳಿತರು. ಅದಕ್ಕೆ ಹೆಚ್ಚುವರಿ ಖರ್ಚಿಲ್ಲ, ಶ್ರಮ ಮಾತ್ರ ಬಹಳ. ಮೊದಲ ಸಲ ಲ್ಯಾಟಿನ್ ಭಾಷೆಯಲ್ಲಿ ಅನುತ್ತೀರ್ಣರಾದರೂ ಎದೆಗುಂದದೆ ಮತ್ತೆ ಓದಿ ತೇರ್ಗಡೆಯಾದರು.

ಅಣ್ಣನು ಕಷ್ಟಪಟ್ಟು ಕಳುಹಿಸುವ ಹಣವೆಂಬ ಅರಿವು ಅವರನ್ನು ಸದಾ ಎಚ್ಚರಿಸುತ್ತಿತ್ತು. ಪ್ರತಿ ಕಾಸಿಗೂ ಲೆಕ್ಕ ಬರೆದಿಟ್ಟರು. ಎರಡು ಕೋಣೆಗಳನ್ನು ಬಿಟ್ಟು ಒಂದು ಕೋಣೆಗೆ ಬಂದರು. ಒಲೆಯೊಂದನ್ನು ಕೊಂಡು ಬೆಳಗಿನ ಗಂಜಿಯನ್ನು ತಾವೇ ಬೇಯಿಸಿಕೊಂಡರು. ಗಾಡಿಯ ಬಾಡಿಗೆ ಉಳಿಸಿ ದಿನಕ್ಕೆ ಎಂಟು ಹತ್ತು ಮೈಲಿ ನಡೆದರು. ಆದರೆ ಕಾನೂನಿನ ಪುಸ್ತಕಗಳನ್ನು ಕೊಳ್ಳುವಲ್ಲಿ ಜಿಪುಣತನ ತೋರಲಿಲ್ಲ. ಇತರರು ಟಿಪ್ಪಣಿಗಳನ್ನು ಓದಿ ಪರೀಕ್ಷೆ ದಾಟುತ್ತಿದ್ದಾಗ ಇವರು ಮೂಲಗ್ರಂಥಗಳನ್ನೇ ಓದಿದರು. ರೋಮನ್ ಕಾನೂನನ್ನು ಲ್ಯಾಟಿನ್ನಿನಲ್ಲಿಯೇ ಅಭ್ಯಾಸ ಮಾಡಿದರು. 1891ರ ಜೂನ್ 10ರಂದು ಬ್ಯಾರಿಸ್ಟರ್ ಆದರು.

ಆ ಬಿರುದೂ ತಾನಾಗಿ ಅನ್ನ ಕೊಡಲಿಲ್ಲ. ಮುಂಬಯಿಯ ಮೊದಲ ಮೊಕದ್ದಮೆಯಲ್ಲಿ ಮಾತೇ ಹೊರಡದೆ ಕುಳಿತುಬಿಟ್ಟರು. 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದಾಗ, ಅಲ್ಲಿನ ನ್ಯಾಯಪದ್ಧತಿಗೆ ರೋಮನ್ ಡಚ್ ಕಾನೂನೇ ಆಧಾರವಾಗಿದ್ದುದರಿಂದ, ಪುಟ್ಟ ಕೋಣೆಯಲ್ಲಿ ಕುಳಿತು ಕಲಿತ ಲ್ಯಾಟಿನ್ ನೆರವಿಗೆ ಬಂದಿತು. ಕಕ್ಷಿದಾರರನ್ನು ರಾಜಿ ಮಾಡಿಸುವುದೇ ವಕೀಲನ ನಿಜವಾದ ಧರ್ಮವೆಂಬುದನ್ನು ಅವರು ಅರಿತದ್ದೂ ಅಲ್ಲಿಯೇ.

ಶರಣರು ನಮಗೆ ಕಾಯಕವನ್ನೂ ದಾಸೋಹವನ್ನೂ ಒಟ್ಟಿಗೇ ಕಲಿಸಿದರು. ಓದುವ ಮಗುವಿಗೆ ಓದೇ ಕಾಯಕ. ಅದಕ್ಕೆ ಮನೆಯವರು ಕೊಡುವ ಹಣ ಅವರ ಬೆವರಿನ ಫಲ. ಬಡ ಮಕ್ಕಳ ಓದು ನಿಲ್ಲಬಾರದೆಂದೇ ನಮ್ಮ ನಾಡಿನ ಮಠಗಳು ಉಚಿತ ಪ್ರಸಾದ ನಿಲಯಗಳನ್ನು ತೆರೆದವು. ಭಕ್ತರು ಕಾಲೇಜನ್ನು ಆರಿಸುವಾಗ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಡೀ ವ್ಯಾಸಂಗದ ವೆಚ್ಚವನ್ನೂ ವರ್ಷಗಳನ್ನೂ ಮುಚ್ಚುಮರೆಯಿಲ್ಲದೆ ಲೆಕ್ಕ ಹಾಕಲಿ ಎಂಬುದು ನಮ್ಮ ಆಶಯ. ಕಡಿಮೆ ಖರ್ಚಿನ ಕಾಲೇಜಿಗೆ ಹೋಗುವ ಮಗುವು ತಲೆ ತಗ್ಗಿಸದಿರಲಿ. ಮನೆಯ ಕಷ್ಟವನ್ನರಿತು ಶ್ರದ್ಧೆಯಿಂದ ಓದಲಿ.