ಬೇತಾಳನ ಪ್ರಶ್ನೆ, ಮಕ್ಕಳ ಓದು: ‘ಚಂದಮಾಮ’ದ ಚಕ್ರಪಾಣಿ

ಅಕ್ಷರ ಬಲ್ಲ ಮಗುವೆಲ್ಲ ಓದಬಲ್ಲದೆಂದು ಹೇಳಲಾಗದು. ಪಾಠದ ಸಾಲುಗಳನ್ನು ಗಟ್ಟಿಯಾಗಿ, ತಪ್ಪಿಲ್ಲದೆ ಉಚ್ಚರಿಸಿ ಮುಗಿಸಿದ ಮಗುವನ್ನು ಅದರ ಅರ್ಥವೇನೆಂದು ಕೇಳಿದಾಗ ಅದು ಸುಮ್ಮನೆ ಮುಖ ನೋಡುವುದು ಎಲ್ಲ ಮನೆಗಳಲ್ಲೂ ಕಂಡುಬರುವ ಸಂಗತಿ. ಓದುವುದು ಬೇರೆ, ಓದಿದ್ದನ್ನು ಗ್ರಹಿಸುವುದು ಬೇರೆ. ಈ ಎರಡನೆಯ ವಿದ್ಯೆಯನ್ನು ಲಕ್ಷಾಂತರ ಮಕ್ಕಳಿಗೆ ಪಾಠವೆಂಬ ಭಾವನೆಯೇ ಬಾರದಂತೆ ಅಭ್ಯಾಸ ಮಾಡಿಸಿದ ಪತ್ರಿಕೆಯೊಂದು ನಮ್ಮ ಚೆನ್ನೈ ನಗರದಿಂದಲೇ ಹೊರಟಿತು. ಆ ಪತ್ರಿಕೆ ‘ಚಂದಮಾಮ’; ಅದರ ರೂವಾರಿ ಚಕ್ರಪಾಣಿ.

ಚಕ್ರಪಾಣಿಯವರ ನಿಜನಾಮ ಆಲೂರಿ ವೆಂಕಟ ಸುಬ್ಬರಾವ್. 1908ರ ಆಗಸ್ಟ್ 5ರಂದು ಆಂಧ್ರದ ತೆನಾಲಿಯ ಬಳಿಯ ಐತಾನಗರದಲ್ಲಿ ಅವರ ಜನನವಾಯಿತು. ರೈತಾಪಿ ಕುಟುಂಬದ ಈ ತರುಣನಿಗೆ ಭಾಷೆಗಳಲ್ಲಿ ಅಪಾರ ಆಸಕ್ತಿ. ಹಿಂದಿಯನ್ನು ವ್ರಜನಂದನ ಶರ್ಮ ಎಂಬ ವಿದ್ವಾಂಸರಲ್ಲಿ ಕಲಿತರು. ಚಕ್ರಪಾಣಿ ಎಂಬ ಕಾವ್ಯನಾಮವನ್ನು ಇಟ್ಟವರೂ ಆ ಗುರುಗಳೇ. ಮುಂದೆ ತಂದೆತಾಯಿ ಇಟ್ಟ ಹೆಸರು ಮರೆಯಾಗಿ ಗುರುವಿತ್ತ ಹೆಸರೇ ಲೋಕದಲ್ಲಿ ನಿಂತಿತು.

ಅವರ ಬದುಕಿನ ತಿರುವು ಬಂದದ್ದು ರೋಗದ ರೂಪದಲ್ಲಿ. 1930ರ ದಶಕದ ಆರಂಭದಲ್ಲಿ ಕ್ಷಯರೋಗ ತಗುಲಿ ಮದನಪಲ್ಲಿಯ ಆರೋಗ್ಯಧಾಮವನ್ನು ಸೇರಬೇಕಾಯಿತು. ಕ್ಷಯಕ್ಕೆ ಪರಿಣಾಮಕಾರಿಯಾದ ಔಷಧವಿಲ್ಲದ ಕಾಲವದು. ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಮಲಗಿರುವುದೇ ಚಿಕಿತ್ಸೆಯ ಬಹುಭಾಗ. ಅಲ್ಲಿ ಅವರಿಗೆ ಬಂಗಾಳಿ ರೋಗಿಯೊಬ್ಬರ ಸಹವಾಸ ದೊರೆಯಿತು. ಆ ಸಹರೋಗಿಯಿಂದ ಚಕ್ರಪಾಣಿ ಬಂಗಾಳಿಯನ್ನು ಕಲಿತರು. ಪ್ರಾಯಕ್ಕೆ ಬಂದ ಮನುಷ್ಯ ಪರಭಾಷೆಯೊಂದನ್ನು ಮೊದಲಿನಿಂದ ಕಲಿಯುವಾಗ ಮತ್ತೆ ಮಗುವಾಗಬೇಕಾಗುತ್ತದೆ. ಒಂದೊಂದು ಅಕ್ಷರ ಗುರುತಿಸಿ, ಪದ ಕೂಡಿಸಿ, ಕೊನೆಗೆ ವಾಕ್ಯ ತನ್ನೊಡನೆ ಮಾತಾಡುವ ಗಳಿಗೆಗೆ ಕಾಯಬೇಕು. ಮುಂದೆ ಮಕ್ಕಳ ಪತ್ರಿಕೆಗೆ ಸಂಪಾದಕರಾದವರು ಈ ಹಾದಿಯನ್ನು ಸ್ವತಃ ನಡೆದು ಬಂದವರೆಂಬುದನ್ನು ಗಮನಿಸಬೇಕು.

ಗುಣಮುಖರಾಗಿ ಬಂದ ಮೇಲೆ ಶರಚ್ಚಂದ್ರ ಚಟ್ಟೋಪಾಧ್ಯಾಯರ ಕಾದಂಬರಿಗಳನ್ನು ತೆಲುಗಿಗೆ ತಂದರು. ‘ದೇವದಾಸ’ ತೆಲುಗು ಮನೆಗಳ ಮಾತಾದದ್ದು ಹೀಗೆ. ಶರಚ್ಚಂದ್ರರು ತೆಲುಗು ಲೇಖಕರೇ ಎಂದು ಭಾವಿಸಿದ ಓದುಗರೂ ಇದ್ದರೆಂದು ಹೇಳುವುದುಂಟು. ಮೂಲದ ಪದಕ್ಕೆ ಪದವನ್ನು ಜೋಡಿಸದೆ, ಓದುವವನಿಗೆ ಅರ್ಥವಾಗುವ ಆಡುಮಾತಿನ ಲಯವನ್ನು ಹಿಡಿದುದೇ ಆ ಅನುವಾದಗಳ ಗುಟ್ಟು. ತೆನಾಲಿಯಲ್ಲಿ ‘ಯುವ’ ಎಂಬ ಮಾಸಪತ್ರಿಕೆಯನ್ನೂ ನಡೆಸಿದರು.

1940ರ ದಶಕದಲ್ಲಿ ಚಿತ್ರರಂಗ ಮತ್ತು ಮುದ್ರಣದ ಕೆಲಸಗಳು ಅವರನ್ನು ಮದರಾಸಿಗೆ ಕರೆತಂದವು. ಇಲ್ಲಿ ಮುದ್ರಣಾಲಯ ನಡೆಸುತ್ತಿದ್ದ ಬಿ. ನಾಗಿರೆಡ್ಡಿಯವರ ಸ್ನೇಹವಾಯಿತು. ಒಬ್ಬರದು ವ್ಯವಹಾರಕೌಶಲ, ಇನ್ನೊಬ್ಬರದು ಕಥನಕೌಶಲ. ಈ ಜೋಡಿಯ ಹೆಸರು ದಕ್ಷಿಣ ಭಾರತದ ಚಿತ್ರರಸಿಕರಿಗೆ ಚಿರಪರಿಚಿತ. ‘ಪಾತಾಳ ಭೈರವಿ’ (1951), ‘ಮಿಸ್ಸಮ್ಮ’ (1955), ‘ಮಾಯಾಬಜಾರ್’ (1957) ಇವರ ವಿಜಯಾ ಸಂಸ್ಥೆಯ ಕೊಡುಗೆಗಳು. ‘ಮಿಸ್ಸಮ್ಮ’ದ ಕಥೆಯ ಬೇರು ಬಂಗಾಳಿ ಸಾಹಿತ್ಯದಲ್ಲಿತ್ತು, ಆರೋಗ್ಯಧಾಮದಲ್ಲಿ ಕಲಿತ ಭಾಷೆ ಹೀಗೂ ಫಲ ನೀಡಿತು. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ ರಾಜ್‌ಕುಮಾರ್, ಲೀಲಾವತಿ ಅಭಿನಯಿಸಿದ ‘ಮದುವೆ ಮಾಡಿ ನೋಡು’ (1965) ಚಿತ್ರದ ಮೂಲಕ ಈ ಜೋಡಿ ಕನ್ನಡಿಗರಿಗೂ ಹತ್ತಿರವಾಯಿತು.

ಆದರೆ ಚಿತ್ರಗಳಿಗಿಂತ ಮೊದಲೇ ಇವರು ಕೈಗೊಂಡ ಕಾರ್ಯ ‘ಚಂದಮಾಮ’. ಸ್ವಾತಂತ್ರ್ಯ ಬಂದ 1947ರ ಜುಲೈಯಲ್ಲಿ ಅದು ತೆಲುಗಿನಲ್ಲಿಯೂ, ‘ಅಂಬುಲಿಮಾಮಾ’ ಎಂಬ ಹೆಸರಿನಲ್ಲಿ ತಮಿಳಿನಲ್ಲಿಯೂ ಹೊರಬಂದಿತು. 1949ರಲ್ಲಿ ಕನ್ನಡದ ಸರದಿ ಬಂದಿತು. ಅದೇ ವರ್ಷ ಹಿಂದಿಯೂ ಜೊತೆಗೂಡಿತು. ಮುಂದೆ ಮರಾಠಿ, ಮಲಯಾಳಂ, ಗುಜರಾತಿ, ಒಡಿಯಾ, ಇಂಗ್ಲಿಷ್ ಮೊದಲಾದ ಭಾಷೆಗಳಿಗೆ ಪತ್ರಿಕೆ ಹಬ್ಬಿತು. ವಡಪಳನಿಯ ಆರ್ಕಾಟ್ ರಸ್ತೆಯ ‘ಚಂದಮಾಮ’ ಕಟ್ಟಡದಲ್ಲಿ ಬೇರೆ ಬೇರೆ ಭಾಷೆಗಳವರು ಕುಳಿತು ಒಂದೇ ಕಥೆಯನ್ನು ತಮ್ಮ ತಮ್ಮ ನುಡಿಗೆ ಒಲಿಸಿಕೊಳ್ಳುತ್ತಿದ್ದರು. ಚಿತ್ರಗಳು ಎಲ್ಲ ಆವೃತ್ತಿಗಳಿಗೂ ಒಂದೇ. ಧಾರವಾಡದ ಮಗುವೂ ಮಧುರೆಯ ಮಗುವೂ ಅದೇ ರಾಜಕುಮಾರನನ್ನು, ಅದೇ ರಾಕ್ಷಸನನ್ನು ಕಂಡು ಬೆಳೆದವು.

ಈ ಪತ್ರಿಕೆಯ ಭಾಷೆಯನ್ನು ಹದಗೊಳಿಸಿದವರಲ್ಲಿ ತೆನಾಲಿಯವರೇ ಆದ ಪ್ರಸಿದ್ಧ ಕಥೆಗಾರ ಕೊಡವಟಿಗಂಟಿ ಕುಟುಂಬರಾವ್ ಪ್ರಮುಖರು. 1952ರಿಂದ 1980ರವರೆಗೆ ಅವರು ಇಲ್ಲಿ ದುಡಿದರು. ಬಂದ ಕಥೆಗಳನ್ನು ಚಿಕ್ಕ ವಾಕ್ಯಗಳಲ್ಲಿ, ಪರಿಚಿತ ಪದಗಳಲ್ಲಿ ಅವರು ಮತ್ತೆ ಬರೆಯುತ್ತಿದ್ದರು. ಒಂದು ವಾಕ್ಯದಲ್ಲಿ ಒಂದು ಸಂಗತಿ ನಡೆಯಬೇಕು, ಮುಂದಿನ ವಾಕ್ಯ ಅದರ ಬೆನ್ನಿಗೆ ಬರಬೇಕು. ವರ್ಣನೆಯ ಭಾರದಲ್ಲಿ ಕಥೆ ಮುಳುಗಬಾರದು. ಕಲಾವಿದರ ಪಾಲೂ ಕಡಿಮೆಯದಲ್ಲ. ನಮ್ಮ ಕನ್ನಡಿಗರಾದ ಎಂ.ಟಿ.ವಿ. ಆಚಾರ್ಯರು ಬರೆದ ಮಹಾಭಾರತದ ಮುಖಚಿತ್ರಗಳು ಇಂದಿಗೂ ಹಿರಿಯರ ಕಣ್ಣಲ್ಲಿವೆ. ‘ಚಿತ್ರಾ’, ವಡ್ಡಾದಿ ಪಾಪಯ್ಯ, ‘ಶಂಕರ್’ ಇವರೆಲ್ಲರ ಕುಂಚ ಪತ್ರಿಕೆಗೆ ಜೀವ ತುಂಬಿತು. ಓದುತ್ತ ಒಂದು ಪದದಲ್ಲಿ ಎಡವಿದ ಮಗು ಪಕ್ಕದ ಚಿತ್ರವನ್ನು ನೋಡಿ ಅರ್ಥವನ್ನು ತಾನೇ ಊಹಿಸಿಕೊಳ್ಳುತ್ತಿತ್ತು, ನಿಘಂಟು ಬೇಕಾಗುತ್ತಿರಲಿಲ್ಲ.

ಇನ್ನು ವಿಕ್ರಮ ಮತ್ತು ಬೇತಾಳ. ಹನ್ನೊಂದನೆಯ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಬೇತಾಳನ ಕಥೆಗಳು ಇಪ್ಪತ್ತೈದು ಮಾತ್ರ. ‘ಚಂದಮಾಮ’ ಆ ಚೌಕಟ್ಟನ್ನು ಉಳಿಸಿಕೊಂಡು ಹೊಸ ಹೊಸ ಕಥೆಗಳನ್ನು ಕಟ್ಟಿ ದಶಕಗಳ ಕಾಲ ತಿಂಗಳು ತಿಂಗಳೂ ನಡೆಸಿತು. ಹೆಗಲ ಮೇಲೆ ಶವವನ್ನು ಹೊತ್ತು ಮೌನವಾಗಿ ನಡೆಯುವ ಅರಸ, ಶವದೊಳಗಿನ ಬೇತಾಳ ಹೇಳುವ ಕಥೆ, ಕೊನೆಗೊಂದು ಪ್ರಶ್ನೆ. ಉತ್ತರ ತಿಳಿದೂ ಹೇಳದಿದ್ದರೆ ಅರಸನ ತಲೆ ಸಿಡಿಯುತ್ತದೆ. ಹೇಳಿದರೆ ಮೌನ ಮುರಿದು ಬೇತಾಳ ಮತ್ತೆ ಮರವನ್ನು ಸೇರುತ್ತದೆ.

ಈ ಪ್ರಶ್ನೆಯ ಸ್ವರೂಪವನ್ನು ಸ್ವಲ್ಪ ಪರಿಶೀಲಿಸೋಣ. ಪಾಠಪುಸ್ತಕದ ಅಭ್ಯಾಸದಲ್ಲಿ ರಾಜನ ಹೆಸರೇನು, ಅವನಿಗೆ ಎಷ್ಟು ಮಕ್ಕಳು ಎಂದು ಕೇಳಲಾಗುತ್ತದೆ. ಮಗು ಪ್ರಶ್ನೆಯಲ್ಲಿರುವ ಪದವನ್ನೇ ಪಾಠದಲ್ಲಿ ಹುಡುಕಿ, ಆ ಸಾಲನ್ನು ಹಾಗೆಯೇ ಬರೆದು ಅಂಕ ಪಡೆಯುತ್ತದೆ. ಕಥೆ ತಿಳಿಯದಿದ್ದರೂ ಉತ್ತರ ಸರಿಯಾಗುತ್ತದೆ! ಬೇತಾಳ ಹಾಗೆ ಕೇಳುವುದಿಲ್ಲ. ಮೂವರಲ್ಲಿ ಯಾರ ತ್ಯಾಗ ದೊಡ್ಡದು, ಗೆದ್ದವನು ಬಹುಮಾನವನ್ನು ಏಕೆ ನಿರಾಕರಿಸಿದ, ಎಂಬಂತಹ ಪ್ರಶ್ನೆಗಳು ಅವನವು. ಉತ್ತರ ಕಥೆಯ ಯಾವುದೇ ಒಂದು ಸಾಲಿನಲ್ಲಿ ಸಿಗದು. ಪಾತ್ರಗಳ ಮನಸ್ಸನ್ನು ತಿಳಿದು, ಹಿಂದಿನದನ್ನೂ ಮುಂದಿನದನ್ನೂ ಕೂಡಿಸಿ ಮಗುವೇ ಅದನ್ನು ಕಟ್ಟಿಕೊಳ್ಳಬೇಕು. ಬಳಿಕ ಅರಸನ ಉತ್ತರದೊಂದಿಗೆ ತನ್ನದನ್ನು ಹೋಲಿಸಿ ನೋಡಬೇಕು. ಗ್ರಹಿಕೆಯ ಅಭ್ಯಾಸ ಎಂದು ಇಂದು ಶಿಕ್ಷಣಶಾಸ್ತ್ರ ಕರೆಯುವುದು ಇದನ್ನೇ. ಪತ್ರಿಕೆಯ ಫೋಟೋ ಶೀರ್ಷಿಕೆಯ ಸ್ಪರ್ಧೆಯೂ ಇಂಥದೇ. ಎರಡು ಛಾಯಾಚಿತ್ರಗಳಿಗೆ ಪರಸ್ಪರ ಹೊಂದುವ ಶೀರ್ಷಿಕೆಗಳನ್ನು ಓದುಗರು ಯೋಚಿಸಿ ಬರೆದು ಕಳಿಸಬೇಕಿತ್ತು.

ಚಕ್ರಪಾಣಿಯವರು 1975ರ ಸೆಪ್ಟೆಂಬರಿನಲ್ಲಿ ನಿಧನರಾದರು. ಅವರ ಪತ್ರಿಕೆ ಅವರ ನಂತರವೂ ಮೂರು ದಶಕಗಳಿಗೂ ಮಿಕ್ಕಿ ಬಾಳಿತು. 1998ರಲ್ಲಿ ನಿಂತು, ಮರುವರ್ಷ ಚೇತರಿಸಿಕೊಂಡು, 2007ರಲ್ಲಿ ಮುಂಬಯಿಯ ಸಂಸ್ಥೆಯೊಂದರ ಕೈ ಸೇರಿ, 2010ರ ದಶಕದ ಆರಂಭದ ವರ್ಷಗಳಲ್ಲಿ ಪ್ರಕಟಣೆಯನ್ನು ಮುಗಿಸಿತು. ವಡಪಳನಿಯಿಂದ ತಿಂಗಳಿಗೊಮ್ಮೆ ಹೊರಡುತ್ತಿದ್ದ ಕನ್ನಡದ ಕಥೆಗಳು ಈಗ ಬರುವುದಿಲ್ಲ.

ಆದರೆ ಕೊರತೆ ಮಾತ್ರ ಉಳಿದಿದೆ. ದೇಶದ ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯ ಪ್ರಕಾರ 2022ರಲ್ಲಿ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಶೇಕಡಾ 20.5 ಮಾತ್ರ, 2024ರಲ್ಲಿ ಅದು ಶೇಕಡಾ 27.1ಕ್ಕೆ ಏರಿತು. ಇದು ಓದಿ ಹೇಳುವ ಲೆಕ್ಕ; ಓದಿದ್ದು ತಿಳಿದವರ ಲೆಕ್ಕ ಇನ್ನೂ ಬೇರೆ. ಚೆನ್ನೈನ ಕನ್ನಡ ಮನೆಗಳ ಕಷ್ಟ ಮತ್ತೊಂದು ಬಗೆಯದು. ತಮಿಳು ಮತ್ತು ಇಂಗ್ಲಿಷನ್ನು ಶಾಲೆ ಕಲಿಸುತ್ತದೆ. ಕನ್ನಡವನ್ನು ಮಾತಾಡಬಲ್ಲ ಎಷ್ಟೋ ಮಕ್ಕಳಿಗೆ ಕನ್ನಡದ ಅಕ್ಷರ ಅಪರಿಚಿತ. ಹಿಂದಿನ ತಲೆಮಾರಿನ ಅನೇಕರಿಗೆ ಈ ಊರಿನಲ್ಲಿ ಕನ್ನಡದ ಓದು ಉಳಿದದ್ದು ಮನೆಗೆ ಬರುತ್ತಿದ್ದ ‘ಚಂದಮಾಮ’ದಿಂದ.

ಹಳೆಯ ಸಂಚಿಕೆಗಳು ಇನ್ನೂ ಹಲವರ ಮನೆಯ ಅಟ್ಟದಲ್ಲಿರಬಹುದು. ಒಂದನ್ನು ತೆಗೆದು ಧೂಳು ಕೊಡವಿ ಮಗುವಿನ ಕೈಗಿಡಿ. ಬೇತಾಳನ ಕಥೆಯನ್ನು ಪ್ರಶ್ನೆಯವರೆಗೆ ಓದಿಸಿ, ಅರಸನ ಉತ್ತರವನ್ನು ಕೈಯಿಂದ ಮುಚ್ಚಿ, ಮಗುವಿನ ಉತ್ತರಕ್ಕಾಗಿ ಕಾಯಿರಿ. ಅದು ಅರಸನ ಉತ್ತರಕ್ಕಿಂತ ಭಿನ್ನವಾಗಿದ್ದರೆ ಗದರಬೇಡಿ, ಕಾರಣ ಕೇಳಿರಿ. ಕಾರಣ ಹೇಳಬಲ್ಲ ಮಗು ಕಥೆಯನ್ನು ನಿಜವಾಗಿ ಓದಿದೆ. ಚಕ್ರಪಾಣಿಯವರನ್ನು ನೆನೆಯಲು ಇದಕ್ಕಿಂತ ಸರಳವಾದ ವಿಧಾನ ಬೇಕಿಲ್ಲ.