ಜಿ.ಜಿ. ಆಲಿನ್: ವೇದಿಕೆಯಲ್ಲೇ ಸಾಯುವೆನೆಂದ ಗಾಯಕ

ನ್ಯೂಯಾರ್ಕ್‌ನ ರೀಚ್‌ಔಟ್ ಇಂಟರ್‌ನ್ಯಾಷನಲ್ ರೆಕಾರ್ಡ್ಸ್ ಸಂಸ್ಥೆ 1987ರಲ್ಲಿ 'ಹೇಟೆಡ್ ಇನ್ ದಿ ನೇಷನ್' ಎಂಬ ಧ್ವನಿಸುರುಳಿಯನ್ನು ಹೊರತಂದಿತು. ನಾಡೇ ದ್ವೇಷಿಸುವವನು ಎಂಬರ್ಥದ ಆ ಹೆಸರು ಉತ್ಪ್ರೇಕ್ಷೆಯೇನೂ ಆಗಿರಲಿಲ್ಲ. ಹಾರ್ಡ್‌ಕೋರ್ ಪಂಕ್ ಗಾಯಕ ಜಿ.ಜಿ. ಆಲಿನ್ ಆ ವೇಳೆಗಾಗಲೇ ಅಮೆರಿಕದ ಹಲವು ಸಂಗೀತ ಕ್ಲಬ್‌ಗಳಿಗೆ ಬೇಡವಾಗಿದ್ದ. ಮುಂದೆ ಸಿ.ಡಿ. ರೂಪದಲ್ಲಿ ಮರುಬಿಡುಗಡೆಯಾದ ಈ ಸಂಕಲನವೇ ಇಂದಿಗೂ ಆತನನ್ನು ಅರಿಯಲು ಇರುವ ಸರಳ ದಾರಿ.

1956ರ ಆಗಸ್ಟ್ 29ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಲ್ಯಾಂಕಾಸ್ಟರ್‌ನಲ್ಲಿ ಜನಿಸಿದ ಮಗುವಿಗೆ ತಂದೆ ಇಟ್ಟ ಹೆಸರು ಜೀಸಸ್ ಕ್ರೈಸ್ಟ್ ಆಲಿನ್. ಮಗ ಮಹಾಪುರುಷನಾಗುವನೆಂಬ ದೈವವಾಣಿ ತನಗಾಗಿದೆ ಎಂದು ಆ ತಂದೆ ನಂಬಿದ್ದ. ಅಣ್ಣ ಮರ್ಲ್‌ನ ತೊದಲು ನಾಲಗೆಗೆ ಜೀಸಸ್ ಎನ್ನಲು ಬಾರದೆ ಅದು ಜಿ.ಜಿ. ಆಯಿತು. ನೀರು, ವಿದ್ಯುತ್ತು ಇಲ್ಲದ ಮರದ ದಿಮ್ಮಿಗಳ ಮನೆಯಲ್ಲಿ ಕುಟುಂಬದ ವಾಸ. ಮನೆಯವರನ್ನೆಲ್ಲ ಕೊಂದು ಹೂಳಲು ತಂದೆ ನೆಲಮಾಳಿಗೆಯಲ್ಲಿ ಗುಂಡಿ ತೋಡಿದ್ದನೆಂದು ಮಗ ಮುಂದೆ ಬರೆದುಕೊಂಡ. ತಾಯಿ ಅರ್ಲೆಟಾ ಆ ಮನೆ ತೊರೆದಳು. ಶಾಲೆಯಲ್ಲಿ ಮಗ ನಗೆಪಾಟಲಾಗದಿರಲೆಂದು 1962ರಲ್ಲಿ ಆತನ ಹೆಸರನ್ನು ಕೆವಿನ್ ಮೈಕೆಲ್ ಎಂದು ಬದಲಿಸಿದಳು. ಎಲ್ಲರಂತೆ ಬಾಳಲಿ ಎಂದು ಆಕೆ ಕೊಟ್ಟ ಆ ಹೆಸರು ಶಾಲೆಯ ದಾಖಲೆಗಷ್ಟೇ ಸೀಮಿತವಾಯಿತು.

ಆಲಿನ್ ಮೊದಲಿಗೆ ಡ್ರಮ್ ವಾದಕ. ಆಲಿಸ್ ಕೂಪರ್, ನ್ಯೂಯಾರ್ಕ್ ಡಾಲ್ಸ್‌ ಆತನ ಮೆಚ್ಚಿನವರು. ಹಳ್ಳಿಗಾಡಿನ ಗಾಯಕ ಹ್ಯಾಂಕ್ ವಿಲಿಯಮ್ಸ್ ಮೇಲಂತೂ ಅಪಾರ ಅಭಿಮಾನ. 1970ರ ದಶಕದ ಕೊನೆಯಲ್ಲಿ 'ಜ್ಯಾಬರ್ಸ್' ತಂಡದ ಗಾಯಕನಾದ ಆತನ ಮೊದಲ ಆಲ್ಬಂ 1980ರಲ್ಲಿ ಬಂತು. ವಿವಿಧ ತಂಡಗಳೊಡನೆ ಹಾಡಿದವುಗಳನ್ನು ಸಂಕಲನವು ಒಂದೆಡೆ ತಂದಿರುವುದರಿಂದ ವ್ಯತ್ಯಾಸ ಕಿವಿಗೆ ತಟ್ಟುತ್ತದೆ. ಜ್ಯಾಬರ್ಸ್ ಕಾಲದ ಹಾಡುಗಳಲ್ಲಿ ರಾಗವಿದೆ, ಲವಲವಿಕೆಯಿದೆ, ತುಂಟತನವೂ ಇದೆ. ಮುಂದಿನವುಗಳಲ್ಲಿ ಹರಿದ ಗಂಟಲೊಂದೇ ಉಳಿದಿದೆ. ಸಂಕಲನಕ್ಕಾಗಿ ಗಿಟಾರ್ ನುಡಿಸಿದವರಲ್ಲಿ ಡೈನೋಸಾರ್ ಜೂನಿಯರ್ ತಂಡದ ಜೆ. ಮ್ಯಾಸ್ಕಿಸ್‌ ಕೂಡ ಒಬ್ಬ. ಆದರೂ ಕುಸಿಯುತ್ತಿದ್ದ ಕಂಠವನ್ನು ಮರೆಮಾಚಲು ಯಾವ ವಾದ್ಯಕ್ಕೂ ಸಾಧ್ಯವಾಗಲಿಲ್ಲ.

ವೇದಿಕೆಯ ಮೇಲಿನ ಆಲಿನ್ ಬೇರೆಯೇ. ಬೆತ್ತಲಾಗುವುದು, ಮಲ ವಿಸರ್ಜಿಸಿ ಪ್ರೇಕ್ಷಕರತ್ತ ಎಸೆಯುವುದು, ಮೈಕಿನಿಂದ ತಲೆ ಒಡೆದುಕೊಳ್ಳುವುದು, ನೋಡಲು ಬಂದವರನ್ನೇ ಥಳಿಸುವುದು ಕಾರ್ಯಕ್ರಮದ ಭಾಗವಾದವು. ಪೊಲೀಸರು ಬರುವವರೆಗೆ ಮಾತ್ರ ಸಂಗೀತ. ಇದನ್ನು ಬಂಡಾಯವೆಂದು ಕೊಂಡಾಡಿದವರಿದ್ದರು. ಏಟು ತಿಂದವರ ಪೈಕಿ ಮಹಿಳೆಯರೂ ಇದ್ದರು, ಹಾಡುಗಳಲ್ಲಿನ ಸ್ತ್ರೀದ್ವೇಷ ಬರಿಯ ಮಾತಾಗಿರಲಿಲ್ಲ ಎಂಬುದನ್ನು ಅಂಥವರು ಮರೆಯುತ್ತಾರೆ. ಮಿಷಿಗನ್ ರಾಜ್ಯದಲ್ಲಿ ಪರಿಚಿತ ಮಹಿಳೆಯೊಬ್ಬಳ ಮೇಲಿನ ಹಲ್ಲೆಗಾಗಿ 1989ರ ಅಂತ್ಯದಿಂದ 1991ರ ಮಾರ್ಚ್‌ವರೆಗೆ ಆತ ಸೆರೆವಾಸ ಅನುಭವಿಸಿದ.

ಹ್ಯಾಲೋವೀನ್ ಹಬ್ಬದ ದಿನ ವೇದಿಕೆಯಲ್ಲೇ ಪ್ರಾಣ ಬಿಡುವುದಾಗಿ ಆತ ಸಾರಿದ್ದ. ಆ ದಿನ ಬಂದಾಗಲೆಲ್ಲ ಕಂಬಿಗಳ ಹಿಂದಿರುತ್ತಿದ್ದ. ಬಿಡುಗಡೆಯ ನಂತರ ಅಣ್ಣ ಮರ್ಲ್‌ನೊಡನೆ 'ಮರ್ಡರ್ ಜಂಕೀಸ್' ತಂಡದಲ್ಲಿ ಹಾಡಿದ. ಆತನ ಕುರಿತು ಸಾಕ್ಷ್ಯಚಿತ್ರ ತೆಗೆದ ವಿದ್ಯಾರ್ಥಿ ಟಾಡ್ ಫಿಲಿಪ್ಸ್, ಮುಂದೆ 2019ರಲ್ಲಿ 'ಜೋಕರ್' ಚಲನಚಿತ್ರ ನಿರ್ದೇಶಿಸಿದ.

1993ರ ಜೂನ್ 27ರಂದು ಮ್ಯಾನ್‌ಹಟನ್‌ನ 'ಗ್ಯಾಸ್ ಸ್ಟೇಷನ್' ಎಂಬಲ್ಲಿ ಕೊನೆಯ ಕಾರ್ಯಕ್ರಮ. ಕೆಲವೇ ಹಾಡುಗಳಾಗುವಷ್ಟರಲ್ಲಿ ವಿದ್ಯುತ್ ಕಡಿತಗೊಂಡಿತು. ರಕ್ತ, ಕೊಳೆ ಮೆತ್ತಿದ ಮೈಯಲ್ಲೇ ಬೀದಿಗಿಳಿದ ಆಲಿನ್, ಪರಿಚಿತರ ಮನೆ ಸೇರಿ ಹೆರಾಯಿನ್ ಸೇವಿಸಿ ಒರಗಿದ. ನಿದ್ರಿಸುತ್ತಿದ್ದಾನೆಂದು ಬಗೆದ ಕೆಲವರು ಪಕ್ಕದಲ್ಲಿ ನಿಂತು ಛಾಯಾಚಿತ್ರ ತೆಗೆಸಿಕೊಂಡರು. ಜೂನ್ 28ರಂದು ಆತ ಸತ್ತುದು ತಿಳಿಯಿತು. ವಯಸ್ಸು 36.

ಶವಪೆಟ್ಟಿಗೆ ಮುಚ್ಚುವ ಮುನ್ನ ಅಣ್ಣ ಆತನ ಕಿವಿಗೆ ಹೆಡ್‌ಫೋನ್ ಇಟ್ಟು, ಆತನದೇ ಹಾಡುಗಳ ಧ್ವನಿಸುರುಳಿ ಹಾಕಿದ. ಲಿಟಲ್‌ಟನ್‌ನ ಸ್ಮಶಾನದಲ್ಲಿನ ಸಮಾಧಿಯನ್ನು ಅಭಿಮಾನಿಗಳು ಮಲಮೂತ್ರಗಳಿಂದ ಪದೇ ಪದೇ ಹೊಲಸು ಮಾಡಿದರು. ಕಡೆಗೆ ಸಮಾಧಿಕಲ್ಲನ್ನೇ ಅಲ್ಲಿಂದ ತೆಗೆಯಲಾಯಿತು.