ಮಕ್ಕಳ ಮನಸ್ಸಿನ ವೈದ್ಯೆ ಆನಾ ಫ್ರಾಯ್ಡ್

ಸಿಗ್ಮಂಡ್ ಫ್ರಾಯ್ಡನ ಹೆಸರನ್ನು ಮನಶ್ಶಾಸ್ತ್ರದ ಗಂಧವಿಲ್ಲದವರೂ ಕೇಳಿರುತ್ತಾರೆ. ಆತನ ಕಿರಿಯ ಮಗಳು ಆನಾಳ ಹೆಸರನ್ನು ನಾನು ಕಳೆದ ವರ್ಷದವರೆಗೂ ಕೇಳಿರಲಿಲ್ಲ. ಅದನ್ನು ಹುಡುಕಿಕೊಂಡು ಹೋಗುವಂತೆ ಮಾಡಿದ್ದು ತರಗತಿಯ ಪಾಠವಲ್ಲ, ಜಿಲ್ಲಾ ಆಸ್ಪತ್ರೆಯ ಹೊರಗಿನ ಒಂದು ಬೆಂಚು.

ನನ್ನ ತಮ್ಮನಿಗೆ ಹನ್ನೊಂದು ವರ್ಷ. ಶಾಲೆಗೆ ಹೋಗುವುದನ್ನು ಬಿಟ್ಟ. ಆಮೇಲೆ ಮನೆಯಲ್ಲಿಯೂ ಮಾತು ಕಡಿಮೆಯಾಯಿತು. ರಾತ್ರಿ ಬೆಚ್ಚಿ ಎದ್ದು ಕೂರುತ್ತಿದ್ದ. ಅವ್ವ ಎರಡು ದೇವರಿಗೆ ಹರಕೆ ಹೊತ್ತಳು, ತಾಯತ ಕಟ್ಟಿಸಿದಳು. ಮನೋರೋಗದ ವೈದ್ಯರ ಹತ್ತಿರ ಕರೆದೊಯ್ಯುವ ಮಾತು ಬಂದಾಗ ಮನೆಯಲ್ಲಿ ಎರಡು ದಿನ ಒಲೆ ಸರಿಯಾಗಿ ಉರಿಯಲಿಲ್ಲ. ಊರವರು ಹುಡುಗನನ್ನು ಹುಚ್ಚನೆಂದಾರೆಂಬ ಭಯ. ಕೊನೆಗೆ ಅಪ್ಪ ಮಗ್ಗದ ಒಂದು ದಿನದ ಕೆಲಸ ಬಿಟ್ಟು ನಮ್ಮನ್ನು ಕರೆದುಕೊಂಡು ಹೊರಟ. ವೈದ್ಯರು ತಮ್ಮನ ಮುಂದೆ ಕಾಗದವನ್ನೂ ಬಣ್ಣದ ಕಡ್ಡಿಗಳನ್ನೂ ಇಟ್ಟು ಅರ್ಧ ಗಂಟೆ ಪಾರಿವಾಳಗಳ ವಿಷಯ ಮಾತನಾಡಿದರು. ಕಾಯಿಲೆಯ ಮಾತೇ ಎತ್ತಲಿಲ್ಲ, ಮಾತ್ರೆಯನ್ನೂ ಕೊಡಲಿಲ್ಲ. ಮುಂದಿನ ವಾರ ಬರಹೇಳಿದರು. ಬಸ್ಸಿನಲ್ಲಿ ಅಪ್ಪ ನನ್ನನ್ನು ಕೇಳಿದ್ದು ಒಂದೇ, ಆ ವೈದ್ಯರು ಮಾಡಿದ್ದಾದರೂ ಏನು ಎಂದು. ಓದಿದ ಮಗ ನಾನು, ನನ್ನಲ್ಲಿ ಉತ್ತರವಿರಲಿಲ್ಲ. ಆ ಉತ್ತರಕ್ಕಾಗಿ ಓದುತ್ತ ಹೋದಾಗ ಸಿಕ್ಕಿದವಳು ಆನಾ ಫ್ರಾಯ್ಡ್.

ಆಕೆ 1895ರ ಡಿಸೆಂಬರ್ 3ರಂದು ವಿಯೆನ್ನಾ ನಗರದಲ್ಲಿ, ಆರು ಮಕ್ಕಳ ಪೈಕಿ ಕೊನೆಯವಳಾಗಿ ಹುಟ್ಟಿದಳು. ತಾಯಿ ಮಾರ್ಥಾಳಿಗಿಂತ ದಾದಿ ಯೋಸೆಫೀನಳ ಮಡಿಲಿನಲ್ಲಿಯೇ ಹೆಚ್ಚಾಗಿ ಬೆಳೆದಳು. ಅಕ್ಕ ಸೋಫಿ ರೂಪವತಿ. ಆ ಹೋಲಿಕೆಯ ನೋವು ತಂಗಿಗೆ ಬಹುಕಾಲ ಉಳಿಯಿತು. ಹತ್ತೊಂಬತ್ತು ತಿಂಗಳ ಕೂಸಾಗಿದ್ದಾಗ ವಾಂತಿಯ ಕಾರಣದಿಂದ ಒಂದು ದಿನ ಉಪವಾಸ ಹಾಕಿದ್ದರಂತೆ. ಆ ರಾತ್ರಿ ನಿದ್ದೆಯಲ್ಲಿ ಕೂಸು ತನ್ನ ಹೆಸರನ್ನೂ ಸ್ಟ್ರಾಬೆರಿ ಹಣ್ಣಿನ ಹೆಸರನ್ನೂ ಕನವರಿಸಿತು. ತಂದೆ ಅದನ್ನು ಬರೆದಿಟ್ಟುಕೊಂಡು ಕನಸುಗಳನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥದಲ್ಲಿ ಸೇರಿಸಿಬಿಟ್ಟ. ಹೀಗೆ ಮಾತು ಬರುವ ಮೊದಲೇ ಆಕೆ ಶಾಸ್ತ್ರದ ಪುಟ ಸೇರಿದ್ದಳು.

ಇಲ್ಲಿ ನನ್ನಂಥವರು ತಡೆದು ನೋಡಬೇಕಾದ ಸಂಗತಿಯೊಂದುಂಟು. ಆನಾ 1912ರಲ್ಲಿ ಮುಗಿಸಿದ್ದು ಹೆಣ್ಣುಮಕ್ಕಳ ಶಾಲೆಯನ್ನು. ಅದು ವಿಶ್ವವಿದ್ಯಾನಿಲಯಕ್ಕೆ ದಾರಿಯಾಗುವಂಥ ಶಾಲೆಯಲ್ಲ. ಆಕೆ ವೈದ್ಯಕೀಯ ಓದಲಿಲ್ಲ, ಯಾವ ಪದವಿಯನ್ನೂ ಓದಿ ಗಳಿಸಲಿಲ್ಲ. ನಮ್ಮ ಮನೆಯಲ್ಲಿ ಪದವಿಯ ತರಗತಿಗೆ ಕಾಲಿಟ್ಟವನು ನಾನೇ ಮೊದಲಿಗ. ಪದವಿಯೆಂದರೆ ಸರ್ವಸ್ವವೆಂದು ಭಾವಿಸಿದ್ದೆ. ಆಕೆ ಮಾಡಿದ್ದು ಮೇಷ್ಟರ ಕೆಲಸ. ಉಪಾಧ್ಯಾಯಿನಿಯ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ತಾನು ಓದಿದ ಶಾಲೆಯಲ್ಲಿಯೇ 1920ರವರೆಗೆ ಕಲಿಸಿದಳು. ಮಗು ಎದುರಿಗಿದ್ದಾಗ ಹೇಗೆ ಕೂರಬೇಕು, ಎಷ್ಟು ಮಾತನಾಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಆಕೆ ಆ ತರಗತಿಯಲ್ಲಿ ಕಲಿತಳೇ ಹೊರತು ಆಸ್ಪತ್ರೆಯಲ್ಲಲ್ಲ.

1918ರಿಂದ ತಂದೆಯೇ ಮಗಳ ಮನೋವಿಶ್ಲೇಷಣೆ ಮಾಡಿದ. ಇಂದು ಈ ವೃತ್ತಿಯಲ್ಲಿರುವ ಯಾರೂ ಅದನ್ನು ಒಪ್ಪುವುದಿಲ್ಲ. ನನಗೂ ಸರಿಯೆಂದು ತೋರುವುದಿಲ್ಲ. ಮನದ ಗುಟ್ಟನ್ನೆಲ್ಲ ಅಪ್ಪನ ಮುಂದೆಯೇ ಬಿಚ್ಚಿಟ್ಟ ಮಗಳು ಅಪ್ಪನ ನೆರಳಿನಿಂದ ಹೊರಬರುವುದೆಂತು? ಆಕೆ ಮದುವೆಯಾಗಲಿಲ್ಲ. 1922ರಲ್ಲಿ ಮೊದಲ ಲೇಖನ ಓದಿ ವಿಯೆನ್ನಾದ ಮನೋವಿಶ್ಲೇಷಣ ಸಂಘದ ಸದಸ್ಯಳಾದಳು. ಮರುವರ್ಷ ತಂದೆಗೆ ಬಾಯಿಯ ಕ್ಯಾನ್ಸರ್ ಕಾಣಿಸಿತು. ಮುಂದಿನ ಹದಿನಾರು ವರ್ಷ ಆಕೆಯೇ ಆತನ ಶುಶ್ರೂಷಕಿ, ಕಾರ್ಯದರ್ಶಿ, ಪ್ರತಿನಿಧಿ ಎಲ್ಲವೂ.

ಇದೇ ಕಾಲದಲ್ಲಿ ಆಕೆ ಮಕ್ಕಳಿಗೆ ಚಿಕಿತ್ಸೆ ಮಾಡತೊಡಗಿದಳು. 1927ರಲ್ಲಿ ಹೊರಬಂದ ಆಕೆಯ ಪುಸ್ತಕ ನಾಲ್ಕು ಉಪನ್ಯಾಸಗಳ ಒಂದು ಸಣ್ಣ ಹೊತ್ತಿಗೆ. ನನ್ನ ಅಪ್ಪ ಬಸ್ಸಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರವಿರುವುದು ಅದರಲ್ಲಿಯೇ. ಆಕೆಯ ವಾದ ಸರಳವಾದದ್ದು. ದೊಡ್ಡವನೊಬ್ಬ ವೈದ್ಯನ ಬಾಗಿಲಿಗೆ ಬರುವಾಗ ತನಗೆ ಕಾಯಿಲೆಯಿದೆಯೆಂದು ಅವನಿಗೆ ಗೊತ್ತಿರುತ್ತದೆ; ವಾಸಿಯಾಗಬೇಕೆಂಬ ಇಚ್ಛೆಯಿರುತ್ತದೆ; ಬರುವ ನಿರ್ಧಾರವೂ ಅವನದೇ. ಮಗುವಿಗೆ ಈ ಮೂರೂ ಇಲ್ಲ. ಕರೆತರುವವರು ತಾಯಿತಂದೆಗಳು. ಎಷ್ಟೋ ವೇಳೆ ನರಳುತ್ತಿರುವುದು ಮಗುವಲ್ಲ, ಸುತ್ತಲಿನವರು. ಎದುರಿಗೆ ಕುಳಿತ ಅಪರಿಚಿತೆಯಲ್ಲಿ ಮಗುವಿಗೆ ವಿಶ್ವಾಸವೇಕೆ ಹುಟ್ಟಬೇಕು? ಆದ್ದರಿಂದ ಚಿಕಿತ್ಸೆಗೆ ಮೊದಲು ಮಗುವನ್ನು ಅದಕ್ಕೆ ಅಣಿಗೊಳಿಸುವ ಒಂದು ಅವಧಿ ಬೇಕು, ಅದು ದಿನಗಳಾಗಲಿ ವಾರಗಳಾಗಲಿ, ಎಂದು ಆಕೆ ನಿರ್ಧರಿಸಿದಳು.

ಆ ಅವಧಿಯಲ್ಲಿ ಆಕೆ ಏನು ಮಾಡುತ್ತಿದ್ದಳೆಂಬುದನ್ನು ಓದಿದಾಗ ನನಗೆ ನಗೆಯೂ ಬಂದಿತು, ಆ ಪಾರಿವಾಳದ ಮಾತೂ ನೆನಪಾಯಿತು. ಹತ್ತು ವರ್ಷದ ಒಬ್ಬ ಹುಡುಗ. ಸಿಟ್ಟು, ಸುಳ್ಳು, ಚಿಕ್ಕಪುಟ್ಟ ಕಳವು. ಅವನು ನಗುತ್ತ ಬಂದ ದಿನ ಆಕೆಯೂ ನಗುವಳು. ಮುಖ ಊದಿಸಿಕೊಂಡು ಬಂದ ದಿನ ಗಂಭೀರಳಾಗುವಳು. ಮೇಜಿನ ಕೆಳಗೆ ನುಸುಳಿ ಕುಳಿತರೆ, ಅದೇ ಲೋಕರೂಢಿಯೆಂಬಂತೆ ಮೇಜಿನ ಬಟ್ಟೆಯನ್ನೆತ್ತಿ ಮಾತು ಮುಂದುವರಿಸುವಳು. ಅವನು ದಾರದಲ್ಲಿ ಗಂಟು ಹಾಕಿ ತೋರಿಸಿದರೆ ಆಕೆ ಅದಕ್ಕಿಂತ ಬಿಗುವಾದ ಗಂಟು ಹಾಕುವಳು. ಅವನು ಮುಖ ಸೊಟ್ಟ ಮಾಡಿದರೆ ಆಕೆಯದು ಇನ್ನೂ ಸೊಟ್ಟ. ಕ್ರಮೇಣ ಅವನಿಗೆ ಉಪಯೋಗಕ್ಕೆ ಬರತೊಡಗಿದಳು. ಅವನ ಕಾಗದಗಳನ್ನೂ ಕತೆಗಳನ್ನೂ ಬೆರಳಚ್ಚು ಯಂತ್ರದಲ್ಲಿ ಹೊಡೆದುಕೊಟ್ಟಳು. ಕೊನೆಗೆ ಅವನು ಸಿಕ್ಕಿಕೊಂಡ ತೊಡಕುಗಳಿಂದ ಅವನನ್ನು ಬಿಡಿಸಿ, ಮನೆಯವರ ಶಿಕ್ಷೆಗೆ ಅಡ್ಡ ನಿಂತಳು. ಇನ್ನೊಬ್ಬ ಹುಡುಗಿಗಾಗಿ ಭೇಟಿಯ ಹೊತ್ತಿನಲ್ಲಿ ಹೆಣೆಯುತ್ತ ಕುಳಿತು, ಅವಳ ಗೊಂಬೆಗಳಿಗೆಲ್ಲ ಬಟ್ಟೆ ತೊಡಿಸಿದಳು.

ಆರು ವರ್ಷದ ಮತ್ತೊಂದು ಹುಡುಗಿಯ ಕತೆ ಇದಕ್ಕಿಂತ ಹೃದಯಂಗಮವಾದುದು. ತನ್ನೊಳಗೆ ಒಂದು ದೆವ್ವವಿದೆ, ಅದನ್ನು ತೆಗೆಯಲಾಗುತ್ತದೆಯೇ ಎಂದು ಆ ಕೂಸು ತಾನಾಗಿ ಆಕೆಯನ್ನು ಕೇಳಿತಂತೆ. ದೆವ್ವವೆಂಬುದು ಇಲ್ಲವೆಂದು ಆನಾ ಉಪದೇಶಿಸಲಿಲ್ಲ. ಚಿಟಿಕೆ ಹೊಡೆಯುವಷ್ಟರಲ್ಲಿ ತೆಗೆದುಬಿಡುವೆನೆಂದು ಪುಸಲಾಯಿಸಲೂ ಇಲ್ಲ. ತೆಗೆಯಬಹುದು, ಆದರೆ ಕೆಲಸ ಕಷ್ಟದ್ದು, ಬಹಳ ದಿನ ಹಿಡಿಯುತ್ತದೆ, ನಿನಗೆ ಹಿಡಿಸದ ಸಂಗತಿಗಳನ್ನೂ ಮಾಡಬೇಕಾಗುತ್ತದೆ ಎಂದಳು. ಮಗು ಸ್ವಲ್ಪ ಹೊತ್ತು ಆಲೋಚಿಸಿ ಒಪ್ಪಿತು. ಈ ಪ್ರಸಂಗವನ್ನು ನಾನು ಅವ್ವನಿಗೆ ಓದಿ ಹೇಳಿದೆ. ತಮ್ಮನ ಒಪ್ಪಿಗೆಯನ್ನು ನಾವ್ಯಾರೂ ಕೇಳಿಯೇ ಇಲ್ಲವಲ್ಲ ಎಂದು ಅವಳು ಅಂದಳು. ನಿಜ, ಪೇಟೆಗೆ ಹೋಗೋಣವೆಂದು ಹೇಳಿ ಅವನನ್ನು ಬಸ್ಸು ಹತ್ತಿಸಿದ್ದೆವು.

ಇದನ್ನು ಎಲ್ಲರೂ ಒಪ್ಪಲಿಲ್ಲ. ಮೆಲಾನಿ ಕ್ಲೈನ್ ಎಂಬಾಕೆ ಈ ಪೂರ್ವಸಿದ್ಧತೆಯೇ ಬೇಡವೆಂದಳು. ದೊಡ್ಡವರ ಮಾತು ಹೇಗೋ ಮಕ್ಕಳ ಆಟ ಹಾಗೆ; ಮೊದಲ ದಿನದಿಂದಲೇ ಆಟದ ಒಳ ಅರ್ಥವನ್ನು ಮಗುವಿಗೆ ಬಿಡಿಸಿ ಹೇಳಬೇಕು ಎಂಬುದು ಅವಳ ಮತ. ಮಗುವನ್ನು ಒಲಿಸಿಕೊಳ್ಳುವುದು ಒಂದು ಬಗೆಯ ಲಂಚವೆಂಬ ಧ್ವನಿ ಅದರಲ್ಲುಂಟು. ಲಂಚವೆಂದು ನನಗನ್ನಿಸುವುದಿಲ್ಲ. ಆದರೆ ಆನಾಳೇ ಮುಂದೆ ಅನುಭವ ಬೆಳೆದಂತೆ, ಅಷ್ಟೊಂದು ಸಿದ್ಧತೆಯ ಅಗತ್ಯವಿಲ್ಲವೆಂದು ತನ್ನ ಪದ್ಧತಿಯನ್ನು ತಿದ್ದಿಕೊಂಡಳು. ಮಗು ತನ್ನ ಭಯದಿಂದ ತಪ್ಪಿಸಿಕೊಳ್ಳಲು ಹೂಡುವ ಉಪಾಯಗಳನ್ನೇ ಮೊದಲು ಗಮನಿಸಿದರೆ ದಾರಿ ತೆರೆಯುತ್ತದೆಂದು ಕಂಡುಕೊಂಡಳು. ಇಂಥ ಉಪಾಯಗಳನ್ನು ಕುರಿತ ಆಕೆಯ ಮುಖ್ಯ ಗ್ರಂಥ 1936ರಲ್ಲಿ, ತಂದೆಯ ಎಂಬತ್ತನೆಯ ಹುಟ್ಟುಹಬ್ಬದ ಕಾಣಿಕೆಯಾಗಿ ಬಂದಿತು.

1938ರ ಮಾರ್ಚಿಯಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾವನ್ನು ಹೊಕ್ಕಿತು. ಫ್ರಾಯ್ಡ್ ಮನೆತನ ಯೆಹೂದಿಗಳದು. ಮಾರ್ಚಿ 22ರಂದು ಗೆಸ್ಟಾಪೋದವರು ಆನಾಳನ್ನು ವಿಚಾರಣೆಗೆಂದು ಎಳೆದೊಯ್ದರು, ಸಂಜೆ ಹಿಂದಿರುಗಿದಳು. ಜೂನ್ 4ರಂದು ಸಂಸಾರ ಊರು ಬಿಟ್ಟು ಲಂಡನ್ ಸೇರಿತು. ಮರುವರ್ಷ ಸೆಪ್ಟೆಂಬರಿನಲ್ಲಿ ತಂದೆ ತೀರಿಕೊಂಡ. ಹಿಂದೆ ಉಳಿದ ಆತನ ನಾಲ್ವರು ಸೋದರಿಯರು ನಾಜಿಗಳ ಕೈಯಲ್ಲಿ ಪ್ರಾಣ ಕಳೆದುಕೊಂಡರು.

ಯುದ್ಧದ ನಡುವೆ, 1941ರಲ್ಲಿ, ಲಂಡನ್ನಿನ ಹ್ಯಾಂಪ್‌ಸ್ಟೆಡ್ ಬಡಾವಣೆಯಲ್ಲಿ ಆಕೆಯೂ ಗೆಳತಿ ಡೊರೊಥಿ ಬರ್ಲಿಂಗ್‌ಹ್ಯಾಮಳೂ ಅಮೆರಿಕದ ದಾನದ ಹಣದಿಂದ ಮಕ್ಕಳ ವಸತಿಗೃಹಗಳನ್ನು ತೆರೆದರು. ಬಾಂಬಿಗಿಂತ ತಾಯಿಯಿಂದ ಅಗಲಿಕೆಯೇ ಮಗುವನ್ನು ಹೆಚ್ಚು ಘಾಸಿಗೊಳಿಸುತ್ತದೆಂಬುದು ಅಲ್ಲಿ ಕಂಡ ಸತ್ಯ. ಆದ್ದರಿಂದ ಮಕ್ಕಳನ್ನು ಚಿಕ್ಕ ಚಿಕ್ಕ ಸಂಸಾರಗಳನ್ನಾಗಿ ವಿಂಗಡಿಸಿ ಒಂದೊಂದಕ್ಕೂ ಒಬ್ಬೊಬ್ಬ ದಾದಿಯನ್ನು ತಾಯಿಯಂತೆ ಗೊತ್ತುಮಾಡಿದರು. ಮೊದಲು ಮಕ್ಕಳು ಅತ್ತು ಜಗಳವಾಡಿ ಮನೆಯೆಲ್ಲ ರಣರಂಗ ಮಾಡಿದವು, ಬಳಿಕ ಚೇತರಿಸಿಕೊಂಡವು. ಅಲ್ಲಿ ದುಡಿದವರಲ್ಲಿ ಬಹುಮಂದಿ ಯುರೋಪಿನಿಂದ ಓಡಿಬಂದ ಎಳೆಯ ಹುಡುಗಿಯರು. ಮಗು ಏನು ತಿಂದಿತು, ಯಾರನ್ನು ಕಚ್ಚಿತು, ಯಾವ ಮಾತು ಹೊಸದಾಗಿ ಆಡಿತು ಎಂಬುದನ್ನೆಲ್ಲ ಅವರು ಚೀಟಿಗಳಲ್ಲಿ ಬರೆದಿಡುತ್ತಿದ್ದರು. ಒಲೆಯ ಬೆಂಕಿ ನೋಡಿಕೊಳ್ಳುತ್ತಿದ್ದ ಜೇಮ್ಸ್ ರಾಬರ್ಟ್‌ಸನ್ ಎಂಬವನಿಗೂ ಈ ಚೀಟಿಯಿಂದ ವಿನಾಯಿತಿಯಿರಲಿಲ್ಲ. ಆಸ್ಪತ್ರೆಗೆ ಸೇರಿದ ಎರಡು ವರ್ಷದ ಹುಡುಗಿಯೊಬ್ಬಳ ಸಂಕಟವನ್ನು 1952ರ ತನ್ನ ಚಲನಚಿತ್ರದಲ್ಲಿ ತೋರಿಸಿ, ಮಕ್ಕಳ ವಾರ್ಡಿಗೆ ತಾಯಂದಿರನ್ನು ಬಿಡುವಂತೆ ಇಂಗ್ಲೆಂಡಿನ ಆಸ್ಪತ್ರೆಗಳನ್ನು ಒಪ್ಪಿಸಲು ಹೆಣಗಿದವನು ಆತನೇ.

1945ರಲ್ಲಿ ತೆರೆಜಿನ್ ಸೆರೆಶಿಬಿರದಿಂದ ಆರು ಅನಾಥ ಮಕ್ಕಳು ಬಂದವು. ಎಲ್ಲರೂ ಮೂರು ನಾಲ್ಕು ವರ್ಷದವರು. ದೊಡ್ಡವರನ್ನು ಕಂಡರೆ ಹೊಡೆಯುವರು, ಉಗುಳುವರು; ಕೊಟ್ಟ ಆಟಿಕೆಗಳನ್ನು ಮುರಿದುಹಾಕುವರು. ಆದರೆ ಅವರಲ್ಲೊಬ್ಬನನ್ನು ಕ್ಷಣಕಾಲ ಅಗಲಿಸಿದರೂ ಉಳಿದವರು ಸಹಿಸುತ್ತಿರಲಿಲ್ಲ. ಪಕ್ಕದವನಿಗೆ ತಿಂಡಿ ಸಿಕ್ಕಿತೇ ಎಂದು ನೋಡುವುದೇ ಅವರಿಗೆ ಮುಖ್ಯ. ಡಾನ್ ಮನೆತನದ ಇಬ್ಬರು ಸೋದರಿಯರು ಹಳ್ಳಿಯ ಒಂದು ಮನೆಯಲ್ಲಿ ವರ್ಷಕಾಲ ಅವರನ್ನು ಸಾಕಿದರು. ಈ ಆರು ಮಕ್ಕಳನ್ನು ಕುರಿತು 1951ರಲ್ಲಿ ಸೋಫಿ ಡಾನಳೊಡನೆ ಆನಾ ಬರೆದ ಲೇಖನ ನಾನು ಓದಿದವುಗಳಲ್ಲೆಲ್ಲ ಮರೆಯಲಾಗದ್ದು.

1947ರಲ್ಲಿ ಮಕ್ಕಳ ಚಿಕಿತ್ಸಕರ ತರಬೇತಿ, 1952ರಲ್ಲಿ ಹ್ಯಾಂಪ್‌ಸ್ಟೆಡ್ ಚಿಕಿತ್ಸಾಲಯ ಆರಂಭವಾದವು. ಮಗುವಿಗೆ ರೋಗದ ಹೆಸರೊಂದನ್ನು ಅಂಟಿಸಿ ಕೈತೊಳೆದುಕೊಳ್ಳುವುದು ಆಕೆಗೆ ಒಗ್ಗದು. ಮಗು ಒಂದೇ ಗೆರೆಯ ಮೇಲೆ ಬೆಳೆಯುವುದಿಲ್ಲ; ಉಣ್ಣುವುದರಲ್ಲಿ, ಮೈಯ ಹತೋಟಿಯಲ್ಲಿ, ಸಂಗಾತಿಗಳೊಡನೆ ಕೂಡುವುದರಲ್ಲಿ, ಆಟದಿಂದ ಕೆಲಸಕ್ಕೆ ದಾಟುವುದರಲ್ಲಿ ಬೇರೆ ಬೇರೆ ಗೆರೆಗಳುಂಟು; ಒಂದರಲ್ಲಿ ಮುಂದೆ ಹೋದವನು ಇನ್ನೊಂದರಲ್ಲಿ ಹಿಂದೆ ಉಳಿದಿರಬಹುದು. 1965ರ ಗ್ರಂಥದಲ್ಲಿ ಆಕೆ ವಿವರಿಸಿದ್ದು ಇದನ್ನೇ.

ಆಕೆಯ ಜೀವನದ ಒಂದು ಸಂಗತಿಯನ್ನು ಬಿಟ್ಟುಬಿಡುವ ಮನಸ್ಸಾಗಿತ್ತು, ಬಿಟ್ಟರೆ ಅಪ್ರಾಮಾಣಿಕತೆಯಾದೀತು. ಡೊರೊಥಿ 1925ರಲ್ಲಿ ಅಮೆರಿಕದಿಂದ ತನ್ನ ನಾಲ್ಕು ಮಕ್ಕಳೊಂದಿಗೆ ವಿಯೆನ್ನಾಕ್ಕೆ ಬಂದದ್ದು ಅವರ ಚಿಕಿತ್ಸೆಗಾಗಿಯೇ. ಹಿರಿಯ ಮಗ ಬಾಬನಿಗೆ ಉಬ್ಬಸ. ಆನಾ ಆ ಮಕ್ಕಳಿಗೆ ವೈದ್ಯೆಯೂ ಆದಳು, ಎರಡನೆಯ ತಾಯಿಯೂ ಆದಳು. ಅವರು ದೊಡ್ಡವರಾಗಿ ಸಂಸಾರವಂತರಾದ ಮೇಲೆಯೂ ಅವಳ ಬಳಿಗೆ ಮರಳಿ ಬರುತ್ತಿದ್ದರು. ಮಗಳು ಮ್ಯಾಬಿ 1974ರಲ್ಲಿ, ಆನಾಳ ಮನೆಯಲ್ಲಿರುವಾಗಲೇ, ತಾನಾಗಿ ಪ್ರಾಣ ನೀಗಿಕೊಂಡಳು. ತಂದೆಯೇ ವೈದ್ಯನಾದ ಮನೆಯಲ್ಲಿ ಬೆಳೆದವಳಿಗೆ, ತಾಯಿಯೂ ವೈದ್ಯೆಯೂ ಒಬ್ಬಳೇ ಆಗಬಾರದೆಂದು ಹೊಳೆಯಲಿಲ್ಲವೇ? ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಇದೊಂದನ್ನು ಅವ್ವನಿಗೆ ಹೇಳಲಿಲ್ಲ. ಮರುದಿನ ಭೇಟಿಯ ವಾರ. ತಮ್ಮನನ್ನು ಈ ಸಲ ಕೇಳಿಯೇ ಹೊರಡಿಸಿದೆ. ತಾನು ಬಿಡಿಸಿದ ಪಾರಿವಾಳದ ಚಿತ್ರ ಅವರ ಹತ್ತಿರ ಇನ್ನೂ ಇದೆಯೇ ಎಂದ. ಗೊತ್ತಿಲ್ಲ, ಹೋಗಿ ನೋಡೋಣ ಎಂದೆ. ಇತ್ತು, ವೈದ್ಯರು ಅದನ್ನು ಕಡತದಲ್ಲಿ ಜೋಪಾನವಾಗಿ ಇಟ್ಟಿದ್ದರು. ಅವನು ಇನ್ನೂ ಶಾಲೆಗೆ ಹೋಗುತ್ತಿಲ್ಲ. ರಾತ್ರಿ ಏಳುವುದು ಸ್ವಲ್ಪ ಕಡಿಮೆಯಾಗಿದೆ.

1972ರಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯ, ವೈದ್ಯಕೀಯ ಓದದ ಆನಾಳಿಗೆ ವೈದ್ಯಶಾಸ್ತ್ರದ ಗೌರವ ಡಾಕ್ಟರೇಟ್ ಪದವಿಯಿತ್ತಿತು. 1979ರಲ್ಲಿ ಡೊರೊಥಿ ತೀರಿಕೊಂಡಳು. 1982ರಲ್ಲಿ ಪಾರ್ಶ್ವವಾಯು ಬಡಿದು ಆನಾ ಗಾಲಿಕುರ್ಚಿ ಹಿಡಿದಳು. ಆ ದಿನಗಳಲ್ಲಿ ತಂದೆಯ ಹಳೆಯ ಉಣ್ಣೆಯ ಕೋಟನ್ನು ಹೊದ್ದು ಉದ್ಯಾನದಲ್ಲಿ ಸುತ್ತಾಡಿಸಿಕೊಳ್ಳುತ್ತಿದ್ದಳಂತೆ. ಅದೇ ವರ್ಷ ಅಕ್ಟೋಬರ್ 9ರಂದು ತೀರಿಕೊಂಡಳು. ಚಿಕಿತ್ಸಾಲಯಕ್ಕೆ ಬಳಿಕ ಆಕೆಯ ಹೆಸರನ್ನೇ ಇಟ್ಟರು. ಆಕೆ ವಾಸಿಸಿದ್ದ ಮನೆ 1986ರಿಂದ ವಸ್ತುಸಂಗ್ರಹಾಲಯವಾಗಿದೆ. ಬಿಡುವಿನಲ್ಲಿ ನೇಯುವುದು ಆಕೆಗೆ ಪ್ರಿಯವಾಗಿತ್ತು. ಆಕೆಯ ಕೋಣೆಯಲ್ಲಿ, ರೋಗಿಗಳು ಮಲಗುತ್ತಿದ್ದ ಮಂಚದೊಂದಿಗೆ ಆಕೆಯ ಮಗ್ಗವನ್ನೂ ಇಟ್ಟಿದ್ದಾರೆ. ಅದರ ಚಿತ್ರವನ್ನು ಅಪ್ಪನಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, ಇದರ ಅಗಲ ಎಷ್ಟಿದ್ದೀತೆಂದು ಕೇಳಿದ.